ಪಿನಾಕಿನಿ ಕಡಲು ಸೇರುವ ಮೊದಲು ಸಿಗುವ ಕಾಲುವೆ

(ಚಿಕ್ಕಬಳ್ಳಾಪುರದಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ)

ನಂದಿ ಬೆಟ್ಟದ ಸಾಲಿನಲ್ಲಿ ಹುಟ್ಟುವ ನದಿಗಳ ಹೆಸರನ್ನು ನಮಗೆಲ್ಲ ಶಾಲೆಯಲ್ಲೇ ಬಾಯಿಪಾಠ ಮಾಡಿಸಿದ್ದಾರೆ. ಉತ್ತರ ಪಿನಾಕಿನಿ, ದಕ್ಷಿಣ ಪಿನಾಕಿನಿ, ಪಾಲಾರ್, ಚಿತ್ರಾವತಿ, ಪಾಪಾಗ್ನಿ, ಅರ್ಕಾವತಿ. ಪಾಠ ಅಲ್ಲಿಗೆ ಮುಗಿಯಿತು. ಆಮೇಲೆ ಅವು ಎಲ್ಲಿಗೆ ಹೋದವು ಅಂತ ಮೇಷ್ಟ್ರೂ ಹೇಳಲಿಲ್ಲ, ನಾವೂ ಕೇಳಲಿಲ್ಲ. ಗೌರಿಬಿದನೂರಿನ ಸೇತುವೆ ಮೇಲೆ ಬಸ್ಸು ಹೋಗುವಾಗ ಕೆಳಗೆ ಒಂದಿಷ್ಟು ಮರಳು, ಒಂದಿಷ್ಟು ಜಾಲಿ ಕಾಣುತ್ತದೆ. ನದಿ ಅಂದರೆ ಇಷ್ಟೇ ಎಂದುಕೊಂಡು ಮುಂದೆ ಹೋಗುತ್ತೇವೆ.

ಅದು ಅಷ್ಟಕ್ಕೇ ನಿಲ್ಲುವುದಿಲ್ಲ. ಉತ್ತರ ಪಿನಾಕಿನಿ, ಆಂಧ್ರದವರ ಪೆನ್ನಾ, 597 ಕಿಲೋಮೀಟರ್ ಹರಿದು ನೆಲ್ಲೂರಿನ ಆಚೆ ಊಟುಕೂರಿನ ಹತ್ತಿರ ಬಂಗಾಳ ಕೊಲ್ಲಿಗೆ ಸೇರುತ್ತದೆ. ಪಾಲಾರ್ ಸುಮಾರು 348 ಕಿಲೋಮೀಟರ್ ಸಾಗಿ ಕಲ್ಪಾಕ್ಕಂನ ದಕ್ಷಿಣಕ್ಕೆ ವಯಲೂರಿನ ಬಳಿ ಸೇರುತ್ತದೆ. ಎರಡೂ ನದಿಗಳು ಕಡಲಿನ ಬಾಗಿಲಿಗೆ ಹೋಗಿ ನಿಂತಾಗ, ಒಳಗೆ ಹೋಗುವ ಮುಂಚೆ, ಎರಡಕ್ಕೂ ಒಂದೇ ಕಾಲುವೆ ಅಡ್ಡ ಬರುತ್ತದೆ. ಅದರ ಹೆಸರು ಬಕಿಂಗ್‌ಹ್ಯಾಮ್ ಕಾಲುವೆ. ಇವತ್ತು ನಾನು ಮಾತಾಡುವುದು ಅದರ ಬಗ್ಗೆ. ದೋಣಿಯ ವಿಷಯಕ್ಕೆ ಚಿಕ್ಕಬಳ್ಳಾಪುರದಲ್ಲಿ ಕೇಳುಗರು ಸಿಗುತ್ತಾರಾ ಅಂತ ಕಾರ್ಯಕ್ರಮದವರೇ ನನ್ನನ್ನು ರೇಗಿಸಿದರು. ಆ ಕಾಲುವೆಯ ಲೆಕ್ಕದಲ್ಲಿ ನಮ್ಮ ಜಿಲ್ಲೆಯ ಬಾಬ್ತೂ ಇದೆ. ಅದನ್ನು ಹೇಳುವುದಕ್ಕೇ ಬಂದಿದ್ದೇನೆ.

ಮೊದಲು ದಾರಿ ಹೇಳಿಬಿಡುತ್ತೇನೆ. ಮೇಲ್ತುದಿ ಕಾಕಿನಾಡಾ. ಅಲ್ಲಿಂದ ಗೋದಾವರಿಯವರೆಗೆ ಕಾಕಿನಾಡಾ ಕಾಲುವೆ, ಗೋದಾವರಿಯಿಂದ ಕೃಷ್ಣೆಯವರೆಗೆ ಏಲೂರು ಕಾಲುವೆ, ಕೃಷ್ಣೆಯಿಂದ ಪೆದ್ದಗಂಜಾಂವರೆಗೆ ಕೊಮ್ಮಮೂರು ಕಾಲುವೆ. ಇವು ಮೂರೂ ಸಿಹಿನೀರಿನವು. ಗೋದಾವರಿಗೆ ಧವಳೇಶ್ವರದಲ್ಲಿ, ಕೃಷ್ಣೆಗೆ ಬೆಜವಾಡದಲ್ಲಿ, ಅಂದರೆ ಈಗಿನ ವಿಜಯವಾಡದಲ್ಲಿ, 1850ರ ದಶಕದ ಆಸುಪಾಸಿಗೆ ಅಣೆಕಟ್ಟು ಕಟ್ಟಿದಾಗ ಗದ್ದೆಗೆ ನೀರು, ದೋಣಿಗೆ ದಾರಿ ಎರಡೂ ಒಟ್ಟಿಗೇ ಆದವು. ಪೆದ್ದಗಂಜಾಂನಿಂದ ಕೆಳಕ್ಕೆ ಬಕಿಂಗ್‌ಹ್ಯಾಮ್ ಶುರು. ಚೆನ್ನೈವರೆಗಿನ ಉತ್ತರ ಭಾಗ 316 ಕಿಲೋಮೀಟರ್, ಚೆನ್ನೈನಿಂದ ಮರಕ್ಕಾಣಂವರೆಗಿನ ದಕ್ಷಿಣ ಭಾಗ 110 ಕಿಲೋಮೀಟರ್. ಇದು ಉಪ್ಪುನೀರಿನ ಕಾಲುವೆ. ಇದಕ್ಕೆ ನೀರು ಬರುವುದು ಮೇಲಿಂದಲ್ಲ, ಪಕ್ಕದಿಂದ. ಅಳಿವೆಗಳ ಮೂಲಕ, ಅಂದರೆ ನದಿ ಕಡಲಿಗೆ ಸೇರುವ ಬಾಯಿಗಳ ಮೂಲಕ, ಕಡಲಿನ ಉಬ್ಬರ ಒಳಗೆ ಬರಬೇಕು. ಈ ಮಾತು ಸ್ವಲ್ಪ ನೆನಪಿಟ್ಟುಕೊಳ್ಳಿ, ಮತ್ತೆ ಇಲ್ಲಿಗೇ ಬರುತ್ತೇನೆ.

ಇದನ್ನು ಒಬ್ಬರೇ ಒಂದೇ ಸಲ ಕೂತು ಯೋಜನೆ ಹಾಕಿ ತೋಡಿಸಿದ್ದಲ್ಲ. 1806ರಲ್ಲಿ ಬೇಸಿಲ್ ಕಾಕ್ರೇನ್ ಎಂಬ ವ್ಯಾಪಾರಿ ಮದ್ರಾಸಿನಿಂದ ಎಣ್ಣೂರಿಗೆ ಒಂದು ಸಣ್ಣ ಕಾಲುವೆ ಮಾಡಿಸಿದ. ಲಾಭಕ್ಕೆ ಮಾಡಿದ್ದು, ಅದರಲ್ಲಿ ಮುಚ್ಚುಮರೆ ಏನಿಲ್ಲ. 1837ರಲ್ಲಿ ಸರ್ಕಾರ ಅದನ್ನು ವಹಿಸಿಕೊಂಡಿತು. ಆಮೇಲೆ ಇರುವ ಹಿನ್ನೀರಿಗೆ ಹಿನ್ನೀರು ಜೋಡಿಸುತ್ತಾ, ನಡುವೆ ನೆಲ ಅಡ್ಡ ಬಂದ ಕಡೆ ಅಗೆಯುತ್ತಾ, ತುಂಡು ತುಂಡಾಗಿ ಬೆಳೆಯಿತು. ಮದ್ರಾಸಿಗೆ ಬೇಕಾದ ಅಕ್ಕಿ, ಉಪ್ಪು, ಸುಣ್ಣದ ಚಿಪ್ಪು, ಸೌದೆ ಎಲ್ಲ ಇದರಲ್ಲೇ ಬರುತ್ತಿತ್ತು. ಸೌದೆಯಲ್ಲಿ ಬಹಳಷ್ಟು ಬರುತ್ತಿದ್ದದ್ದು ಶ್ರೀಹರಿಕೋಟಾದಿಂದ. ಇವತ್ತು ರಾಕೆಟ್ ಹಾರುವ ಊರು ಆಗ ಮದ್ರಾಸಿನ ಒಲೆ ಉರಿಸುತ್ತಿತ್ತು.

ಈಗ ದೋಣಿಯ ವಿಷಯ. ನಮ್ಮದು ಹನ್ನೊಂದು ಅಡಿಯ ಪ್ಲೈವುಡ್ ಹಾಯಿದೋಣಿ. 1960ರ ದಶಕದ ಶುರುವಿನಲ್ಲಿ ಇಂಗ್ಲೆಂಡಿನಲ್ಲಿ, ಸಾಧಾರಣ ಜನ ಮನೆಯಲ್ಲೇ ಕಟ್ಟಿಕೊಳ್ಳಲಿ ಎಂದು ‘ಮಿರರ್’ ಅನ್ನುವ ಮಾದರಿಯೊಂದನ್ನು ರೂಪಿಸಿದರು. ಅದೇ ಬಗೆಯದು ಇದು. ಪ್ಲೈವುಡ್ ಹಲಗೆಗಳನ್ನು ಅಳತೆಗೆ ಕತ್ತರಿಸಿ, ಅಂಚಿನಲ್ಲಿ ತೂತು ಕೊರೆದು, ತಾಮ್ರದ ತಂತಿಯಿಂದ ಬಟ್ಟೆ ಹೊಲಿದಂತೆ ಹೊಲಿಯಬೇಕು. ಆಮೇಲೆ ಸಂದಿಗೆ ಫೈಬರ್ ಪಟ್ಟಿ ಇಟ್ಟು ರೆಸಿನ್ ಬಳಿಯಬೇಕು. ಬರೀ ದೋಣಿಯ ಮೈ 45 ಕಿಲೋ ಆಸುಪಾಸು. ಇಬ್ಬರು ಎತ್ತಿ ಟಾಟಾ ಏಸ್‌ಗೆ ಹಾಕಬಹುದು. ನಾನೂ ಚೆನ್ನೈನ ಗೆಳೆಯನೂ ಹಾಗೇ ಹಾಕಿಕೊಂಡು ಹೋದದ್ದು.

ಈ ಮಾದರಿಯನ್ನೇ ಆರಿಸಿಕೊಂಡದ್ದಕ್ಕೆ ಕಾರಣ ಇದೆ. ಇದರ ಹಾಯಿಕಂಬ ಗಿಡ್ಡ. ಕಂಬದ ಮೇಲೆ ಇನ್ನೊಂದು ಗಳು ನೆಟ್ಟಗೆ ಏರುತ್ತದೆ, ಹಾಯಿ ಕಟ್ಟಿರುವುದು ಆ ಗಳುವಿಗೆ. ಹಗ್ಗ ಬಿಟ್ಟರೆ ಗಳು ಸರ್ರನೆ ಕೆಳಗಿಳಿಯುತ್ತದೆ. ಕಾಲುವೆಗೆ ಹೆಜ್ಜೆಗೊಂದು ಸೇತುವೆ ಇರುವಾಗ ಇಂಥದ್ದೇ ಬೇಕು. ಉದ್ದ ಕಂಬದ ದೋಣಿ ತಂದರೆ ದಿನವೆಲ್ಲ ಕಂಬ ಬಿಚ್ಚಿ ಕಟ್ಟುವುದೇ ಆಗುತ್ತದೆ. ಇನ್ನೊಂದು ಅನುಕೂಲ, ಹೊಟ್ಟೆಯಡಿಯ ನಡುಹಲಗೆಯನ್ನು ಮೇಲಕ್ಕೆ ಎಳೆದುಕೊಳ್ಳಬಹುದು. ಹಲಗೆ ಕೆಳಗಿದ್ದರೆ ದೋಣಿ ಗಾಳಿಗೆ ಅಡ್ಡಡ್ಡ ಜಾರುವುದಿಲ್ಲ, ಮೇಲಿದ್ದರೆ ಮೊಣಕಾಲುದ್ದ ನೀರಿನಲ್ಲೂ ತೇಲುತ್ತದೆ. ಹೂಳು ತುಂಬಿದ ಕಾಲುವೆಯಲ್ಲಿ ಆ ಹಲಗೆಯೇ ನಮ್ಮ ಅಳತೆಗೋಲು. ಕೆಳಗೆ ಕೆಸರು ತಾಗಿದಾಗ ಹಲಗೆ ತಾನಾಗಿ ಒಂದಿಷ್ಟು ಮೇಲೇಳುತ್ತದೆ, ಕೈಗೆ ಗೊತ್ತಾಗುತ್ತದೆ.

ಹಾಯಿದೋಣಿ ಅಂದರೆ ಗಾಳಿ ಹಿಂದಿನಿಂದ ಬೀಸಬೇಕು ಅಂತ ನಾವೆಲ್ಲ ಅಂದುಕೊಂಡಿರುತ್ತೇವೆ. ಹಾಗೇನಿಲ್ಲ. ಅತಿ ಸಲೀಸಾಗಿ ಓಡುವುದು ಗಾಳಿ ಪಕ್ಕೆಯಿಂದ ಬಂದಾಗ. ಈ ಕಾಲುವೆ ಕರಾವಳಿಗೆ ಸಮನಾಗಿ ಉತ್ತರ ದಕ್ಷಿಣ ಇದೆ. ಮಧ್ಯಾಹ್ನ ನೆಲ ಕಾದ ಮೇಲೆ ಕಡಲಗಾಳಿ ಪೂರ್ವದಿಂದ, ಆಗ್ನೇಯದಿಂದ ಬೀಸುತ್ತದೆ. ಅಂದರೆ ಮೇಲಕ್ಕೆ ಹೋಗುವವನಿಗೂ ಕೆಳಕ್ಕೆ ಹೋಗುವವನಿಗೂ ಅದೇ ಗಾಳಿ ಪಕ್ಕೆಗೇ ಬೀಳುತ್ತದೆ. ಹೋಗುವಾಗಲೂ ಅನುಕೂಲ, ಬರುವಾಗಲೂ ಅನುಕೂಲ. ಸರಕಿನ ದೋಣಿಯವರು ಹಾಯಿ ನೆಚ್ಚಿಕೊಂಡದ್ದು ಹೀಗೆ. ಗಾಳಿ ನಿಂತ ಹೊತ್ತಿನಲ್ಲಿ ಗಳು ಹಾಕಿ ದೂಡುತ್ತಿದ್ದರು, ಇಲ್ಲವೇ ದಂಡೆಯ ಮೇಲೆ ಆಳುಗಳು ಹೆಗಲಿಗೆ ಹಗ್ಗ ಹಾಕಿ ಎಳೆದುಕೊಂಡು ಹೋಗುತ್ತಿದ್ದರು. ದಂಡೆಯಲ್ಲಿ ಅವರು ನಡೆದ ದಾರಿ ಇತ್ತು. ಈಗ ಅದೇ ದಂಡೆಯಲ್ಲಿ ಸರ್ವೆ ತೋಪು, ಬಳ್ಳಾರಿ ಜಾಲಿ. ತೋಪಿನ ಮರೆಗೆ ಬಂದರೆ ಹಾಯಿ ಜೋತು ಬೀಳುತ್ತದೆ, ತೋಪು ದಾಟಿದ ಕೂಡಲೇ ಗಾಳಿ ಒಮ್ಮೆಲೇ ನುಗ್ಗಿ ದೋಣಿ ವಾಲುತ್ತದೆ. ನನ್ನ ಗೆಳೆಯ ಹಗ್ಗ ಹಿಡಿದು ಕೂತಿದ್ದಾಗ ಮರಗಳನ್ನೇ ನೋಡುತ್ತಿದ್ದ, ನೀರನ್ನು ನೋಡುತ್ತಿರಲಿಲ್ಲ.

ಕಾಕಿನಾಡಾದಿಂದ ಮರಕ್ಕಾಣಂವರೆಗೆ ನೀರಿನ ಮೇಲೇ ಹೋದೆವು ಎಂದು ಹೇಳಿದರೆ ಅದು ಸುಳ್ಳಾಗುತ್ತದೆ. ಇವತ್ತು ಯಾರಿಗೂ ಅದು ಆಗದು. ಚೆನ್ನೈನ ಉತ್ತರಕ್ಕೆ ಪುಲಿಕಾಟ್‌ನಿಂದ ಎಣ್ಣೂರಿನ ಕಡೆಗೆ, ಚೆನ್ನೈನ ದಕ್ಷಿಣಕ್ಕೆ ಮುಟ್ಟುಕಾಡಿನಿಂದ ಕೆಳಕ್ಕೆ, ಇಂಥ ತುಂಡುಗಳಲ್ಲಿ ದೋಣಿ ಇಳಿಸಿದೆವು. ಉಳಿದ ಕಡೆ ದಂಡೆಯ ಮೇಲೆ ನಡೆದೆವು, ಬೈಕಿನಲ್ಲಿ ಹೋದೆವು. ನೆಲ್ಲೂರಿನ ಕಡೆ ಮಾತಿಗೆ ತೊಂದರೆಯೇ ಇಲ್ಲ, ನಮ್ಮ ಬಾಗೇಪಲ್ಲಿಯ ತೆಲುಗು ಧಾರಾಳ ಸಾಕು. ಸ್ವಲ್ಪ ನಗುತ್ತಾರೆ, ಅಷ್ಟೇ.

ಪುಲಿಕಾಟ್‌ನಲ್ಲಿ ಡಚ್ಚರು 1613ರಲ್ಲಿ ಕಟ್ಟಿದ ಗೆಲ್ಡ್ರಿಯಾ ಕೋಟೆಯ ಗುರುತು, ಅವರ ಸಮಾಧಿಗಳು ಇವೆ. ಹೋದವರೆಲ್ಲ ಅದನ್ನೂ ರಾಜಹಂಸಗಳನ್ನೂ ನೋಡಿ ಬರುತ್ತಾರೆ. ನನಗೆ ಕಣ್ಣಿಗೆ ಕಟ್ಟಿದಂತಿರುವುದು ಬೇರೆ. ಕಾಲುವೆ ಹಿನ್ನೀರಿಗೆ ಸೇರುವ ಕಡೆ ಇರುಳರು ಎಂಬ ಬುಡಕಟ್ಟಿನ ಹೆಂಗಸರು ಎದೆಮಟ್ಟದ ನೀರಿನಲ್ಲಿ ಸಿಗಡಿ ಹಿಡಿಯುತ್ತಿದ್ದರು. ಬಲೆ ಇಲ್ಲ, ಗಾಳ ಇಲ್ಲ. ಎರಡೂ ಕೈ ಕೆಸರಿನಲ್ಲಿ. ಕೈ ಎರಡೂ ಬೇಕಲ್ಲ, ಹಾಗಾಗಿ ಬುಟ್ಟಿಯ ಅಂಚನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದಿದ್ದಾರೆ. ಸಿಗಡಿ ಸಿಕ್ಕಿದ ಕೈ ನೇರ ಬುಟ್ಟಿಗೆ ಬರುತ್ತದೆ, ಮತ್ತೆ ಕೆಳಗೆ. ನಮ್ಮ ದೋಣಿ ಹತ್ತಿರ ಹೋದಾಗ ಒಬ್ಬಾಕೆ ತಲೆಯಲ್ಲೇ ಆಚೆ ಹೋಗಿ ಅಂತ ಸನ್ನೆ ಮಾಡಿದಳು. ಬಾಯಿ ತೆರೆದರೆ ಅವತ್ತಿನ ದುಡಿಮೆಯೇ ನೀರಿಗೆ ಬೀಳುತ್ತಿತ್ತು. ಜಲಮಾರ್ಗದ ನಕ್ಷೆ ಬರೆಯುವವರಿಗೆ ಈ ಜಾಗ ಆಳ ಮಾಡಬೇಕಾದ ಜಾಗ. ಆಕೆಗೆ ಅದು ಕೈಗೆ ನೆಲ ಸಿಗಬೇಕಾದ ಜಾಗ.

ಲಾಕುಗಳ ವಿಷಯಕ್ಕೆ ಬರೋಣ. ಆಂಧ್ರದಲ್ಲಿ ಈಗಲೂ ಜನ ಲಾಕು ಎಂದೇ ಕರೆಯುತ್ತಾರೆ. ನಮ್ಮ ಕೆರೆಯ ತೂಬನ್ನು ನೆನಪಿಸಿಕೊಳ್ಳಿ, ಆದರೆ ಎರಡು ತೂಬಿನ ನಡುವೆ ಒಂದು ದೋಣಿ ನಿಲ್ಲುವಷ್ಟು ಕಲ್ಲಿನ ತೊಟ್ಟಿ. ದೋಣಿ ಒಳಗೆ ಬಂದ ಮೇಲೆ ಹಿಂದಿನ ಬಾಗಿಲು ಹಾಕಿ, ಮುಂದಿನ ಮಟ್ಟಕ್ಕೆ ತೊಟ್ಟಿಯ ನೀರನ್ನು ಏರಿಸಿ ಅಥವಾ ಇಳಿಸಿ, ಆಮೇಲೆ ಮುಂದಿನ ಬಾಗಿಲು ತೆಗೆಯುತ್ತಾರೆ. ಈ ಕಾಲುವೆಯಲ್ಲಿ ನದಿ ಅಡ್ಡ ಬಂದ ಕಡೆ ಎರಡೂ ದಡದಲ್ಲಿ ಲಾಕು ಇಟ್ಟರು. ಕಾರಣ ಮಟ್ಟದ ವ್ಯತ್ಯಾಸ ಒಂದೇ ಅಲ್ಲ. ನದಿಗೆ ನೆರೆ ಬಂದಾಗ ಬಾಗಿಲು ಹಾಕದಿದ್ದರೆ ಮರಳೆಲ್ಲ ಕಾಲುವೆಗೆ ನುಗ್ಗುತ್ತದೆ. ಕಡಲು ಇಳಿದಾಗ ಬಾಗಿಲು ಹಾಕದಿದ್ದರೆ ಕಾಲುವೆಯ ನೀರೆಲ್ಲ ಬಸಿದು ಹೋಗುತ್ತದೆ. ಅಂದರೆ ಹಗಲು ರಾತ್ರಿ ಒಬ್ಬ ಮನುಷ್ಯ ಅಲ್ಲಿ ಇರಲೇಬೇಕು. ಉಬ್ಬರದ ಹೊತ್ತು ದಿನಾ ಮುಕ್ಕಾಲು ಗಂಟೆಯಷ್ಟು ಮುಂದಕ್ಕೆ ಜರುಗುತ್ತದೆ, ಅವನ ನಿದ್ದೆಯೂ ಅದರ ಜೊತೆ ಜರುಗಬೇಕು. ನಮ್ಮ ನೀರಗಂಟಿಗೆ ಕನಿಷ್ಠ ರಾತ್ರಿಯಾದರೂ ಒಂದಿಷ್ಟು ನಿಶ್ಚಿಂತೆ ಇತ್ತು.

ನೆಲ್ಲೂರಿನ ಕಡೆ ಹಾಳುಬಿದ್ದ ಒಂದು ಲಾಕಿನ ಮೇಲೆ ನಾವು ಬಹಳ ಹೊತ್ತು ಕೂತಿದ್ದೆವು. ಬಾಗಿಲು ಇಲ್ಲ, ಬಾಗಿಲು ತಿರುಗುತ್ತಿದ್ದ ಕಬ್ಬಿಣದ ಗೂಟ ಮಾತ್ರ ತುಕ್ಕು ಹಿಡಿದು ನಿಂತಿದೆ. ಗೋಡೆಯ ಅಂಚಿನ ಕಲ್ಲಿನಲ್ಲಿ ಬೆರಳು ಹಿಡಿಸುವಷ್ಟು ಆಳದ ಗೀರುಗಳು. ಹಗ್ಗ ಉಜ್ಜಿ ಉಜ್ಜಿ ಆದವು. ತೊಟ್ಟಿಯೊಳಗೆ ನೀರಿತ್ತು, ಅದರಲ್ಲಿ ಎಮ್ಮೆ ಮಲಗಿತ್ತು.

ಈಗ ಬರದ ಕಥೆ. ಇದಕ್ಕೆ ಸ್ವಲ್ಪ ಸಮಯ ತೆಗೆದುಕೊಳ್ಳುತ್ತೇನೆ. ಈ ಕಾಲುವೆಗೆ ಹೆಸರು ಬಂದದ್ದೇ ಬರದಿಂದ.

ಹಿರಿಯರು ಧಾತು ಈಶ್ವರದ ಬರ ಅನ್ನುತ್ತಿದ್ದದ್ದು ಇಲ್ಲಿ ಕೆಲವರಿಗಾದರೂ ಗೊತ್ತಿರಬೇಕು. 1876ರಿಂದ 78. ಧಾತು ಸಂವತ್ಸರದಲ್ಲಿ ಮಳೆ ಕೈಕೊಟ್ಟಿತು, ಈಶ್ವರ ಸಂವತ್ಸರದಲ್ಲಿ ಜನ ಸತ್ತರು. ಮೈಸೂರು ಸಂಸ್ಥಾನದ ಜನಸಂಖ್ಯೆ 1871ರಲ್ಲಿ ಐವತ್ತು ಲಕ್ಷ ದಾಟಿತ್ತು. 1881ರಲ್ಲಿ ಎಣಿಸಿದಾಗ 42 ಲಕ್ಷದ ಆಸುಪಾಸು. ಹತ್ತು ವರ್ಷದಲ್ಲಿ ಬೆಳೆಯಬೇಕಾದ ಸಂಖ್ಯೆ ಎಂಟು ಲಕ್ಷಕ್ಕೂ ಹೆಚ್ಚು ಕುಗ್ಗಿದೆ. ಹೆಚ್ಚು ಪೆಟ್ಟು ತಿಂದದ್ದರಲ್ಲಿ ನಮ್ಮ ಕೋಲಾರ, ತುಮಕೂರು ಸೀಮೆಗಳೂ ಸೇರಿವೆ. ಆಗ ಚಿಕ್ಕಬಳ್ಳಾಪುರ ಕೋಲಾರದೊಳಗೇ ಇತ್ತು.

ಮದ್ರಾಸ್ ಪ್ರಾಂತ್ಯದಲ್ಲೂ ಅದೇ ಹಾಹಾಕಾರ. ಅಲ್ಲಿ ಗವರ್ನರ್ ಆಗಿದ್ದವನು ಬಕಿಂಗ್‌ಹ್ಯಾಮ್ ಡ್ಯೂಕ್. ಪರಿಹಾರ ಬೇಕಾದವರು ಕೆಲಸ ಮಾಡಬೇಕು ಎಂಬುದು ಆಗಿನ ನೀತಿ. ಕಾಲುವೆ ಉತ್ತರದಿಂದ ಕೂವಂ ನದಿಯವರೆಗೆ ಬಂದಿತ್ತು, ದಕ್ಷಿಣದ ಭಾಗ ಅಡ್ಯಾರ್ ನದಿಯಿಂದಾಚೆ ಇತ್ತು. ನಡುವೆ ಪಟ್ಟಣದ ಹೊಟ್ಟೆಯಲ್ಲಿ ಎಂಟು ಕಿಲೋಮೀಟರ್ ನೆಲ. ಹಸಿದು ಬಂದವರ ಕೈಗೆ ಗುದ್ದಲಿ ಬುಟ್ಟಿ ಕೊಟ್ಟು ಆ ಎಂಟು ಕಿಲೋಮೀಟರ್ ತೋಡಿಸಿದರು. 1878ರಲ್ಲಿ ಎರಡೂ ಕಾಲುವೆ ಕೂಡಿದವು, ಗವರ್ನರನ ಹೆಸರು ಬಿತ್ತು.

ಕೂಲಿ ಎಷ್ಟು ಗೊತ್ತೆ? ಬರ ಪರಿಹಾರದ ಉಸ್ತುವಾರಿಗೆ ಬಂದ ರಿಚರ್ಡ್ ಟೆಂಪಲ್ ಕೂಲಿಗೆ ಒಂದು ಲೆಕ್ಕ ಕಟ್ಟಿದ. ದುಡಿಯುವ ಗಂಡಾಳಿಗೆ ದಿನಕ್ಕೆ ಒಂದು ಪೌಂಡ್ ಧಾನ್ಯ, ಮೇಲೊಂದು ಆಣೆ. ಒಂದು ಪೌಂಡ್ ಅಂದರೆ ನಾನೂರ ಐವತ್ತು ಗ್ರಾಂ. ಹೆಂಗಸರಿಗೆ, ಮಕ್ಕಳಿಗೆ ಅದಕ್ಕಿಂತ ಕಡಿಮೆ. ಮಣ್ಣು ಹೊತ್ತವರು ಇಲ್ಲಿ ಯಾರಾದರೂ ಇದ್ದರೆ ಅವರಿಗೆ ನಾನು ಬಿಡಿಸಿ ಹೇಳಬೇಕಿಲ್ಲ. ಮದ್ರಾಸಿನ ಆರೋಗ್ಯಾಧಿಕಾರಿ ವಿಲಿಯಂ ಕಾರ್ನಿಶ್ ಇದು ಬದುಕಲು ಸಾಲದು ಎಂದು ಕಾಗದ ಬರೆದೂ ಬರೆದೂ ಜಗಳ ಮಾಡಿದ. 1877ರಲ್ಲೇ ಕೂಲಿಯನ್ನು ಸ್ವಲ್ಪ ಏರಿಸಿದರು. ಬರ ಪರಿಹಾರದ ಮಣ್ಣಿನ ಕೆಲಸ ನಮ್ಮ ಸಂಸ್ಥಾನದಲ್ಲೂ ನಡೆಯಿತು, ಬೆಂಗಳೂರು ಮೈಸೂರು ರೈಲುದಾರಿಯ ಏರಿ ಅದೇ ಕಾಲದ್ದು. ಚೆನ್ನೈನಲ್ಲಿ ಆ ಎಂಟು ಕಿಲೋಮೀಟರ್ ಉದ್ದಕ್ಕೂ ನಡೆದೆವು. ತೋಡಿದವರನ್ನು ನೆನೆಯುವ ಒಂದು ಕಲ್ಲೂ ನಮ್ಮ ಕಣ್ಣಿಗೆ ಬೀಳಲಿಲ್ಲ. ಡ್ಯೂಕನ ಹೆಸರು ಮಾತ್ರ ಎಲ್ಲ ಸೇತುವೆಯ ಪಕ್ಕದ ಫಲಕದಲ್ಲಿ.

ಆ ಭಾಗದಲ್ಲಿ ದೋಣಿ ಬಿಡುವ ಮಾತೇ ಇಲ್ಲ. ಚರಂಡಿ ನೀರು ಕಪ್ಪಗೆ ನಿಂತಿದೆ. ಅದರ ಮೇಲೆ ಎತ್ತರದ ನಗರ ರೈಲು. ಅದರ ಕಂಬಗಳನ್ನು ಕಾಲುವೆಯ ಪಾತ್ರದಲ್ಲೇ ನೆಟ್ಟಿದ್ದಾರೆ. ಬೇರೆಯವರ ಜಾಗ ಕೊಳ್ಳಬೇಕಿಲ್ಲವಲ್ಲ, ಕಾಲುವೆ ಪುಕ್ಕಟೆ ಸಿಕ್ಕಿತು. ನಾವು ಚೆನ್ನೈಯವರನ್ನು ನೋಡಿ ಮೂಗು ಮುರಿಯುವ ಹಾಗೂ ಇಲ್ಲ. ನಮ್ಮಲ್ಲಿ ಎಷ್ಟೋ ಬಸ್ ನಿಲ್ದಾಣ, ಬಡಾವಣೆ ಕೆರೆಯಂಗಳದಲ್ಲೇ ಎದ್ದಿವೆ. ಈಗ ಬೆಂಗಳೂರಿನ ಹೆಬ್ಬಾಳ ನಾಗವಾರ ಕಣಿವೆಯ ಕೊಳಚೆ ನೀರನ್ನೇ ಸಂಸ್ಕರಿಸಿ ನಮ್ಮ ಕೆರೆಗಳಿಗೆ ತುಂಬಿಸುತ್ತಿದ್ದಾರೆ.

ಕಾಲುವೆ ಯಾಕೆ ಸತ್ತಿತು ಎಂದು ಕೇಳಿದರೆ ಎಲ್ಲರೂ ರೈಲು ಎನ್ನುತ್ತಾರೆ. ಮದ್ರಾಸ್ ಬೆಜವಾಡ ರೈಲು 1899ರ ಹೊತ್ತಿಗೆ ಕೂಡಿಕೊಂಡಿತು, ಸರಕು ಆ ಕಡೆ ವಾಲಿತು, ನಿಜ. ಆದರೂ ಅಗ್ಗದ ಭಾರದ ಸರಕು ಇನ್ನೂ ಅರವತ್ತು ಎಪ್ಪತ್ತು ವರ್ಷ ಕಾಲುವೆಯಲ್ಲೇ ಓಡಾಡಿತು. 1965 ಮತ್ತು 66ರ ಚಂಡಮಾರುತಗಳು ದಂಡೆ ಒಡೆದು, ಹೂಳು ತುಂಬಿ, ಮತ್ತೆ ಏಳದಂತೆ ಮಾಡಿದವು ಎಂಬುದೂ ನಿಜ. ನನ್ನ ಅಭಿಪ್ರಾಯ ಇನ್ನೊಂದಿದೆ. ಅದು ಅಳಿವೆಯದು. ನೆನಪಿಟ್ಟುಕೊಳ್ಳಿ ಎಂದೆನಲ್ಲ, ಅದು ಇದೇ.

ಈ ಕರಾವಳಿಯಲ್ಲಿ ಕಡಲು ಸದಾ ಮರಳನ್ನು ದಡದ ಉದ್ದಕ್ಕೂ ತಳ್ಳುತ್ತಿರುತ್ತದೆ. ನದಿಯ ಬಾಯಿಗೆ ಮರಳಿನ ದಿಬ್ಬ ಬೀಳುತ್ತದೆ. ಉಬ್ಬರ ಇಳಿತದ ವ್ಯತ್ಯಾಸ ಅಲ್ಲಿ ಹುಣ್ಣಿಮೆ ಅಮಾವಾಸ್ಯೆಗೂ ಒಂದು ಮೀಟರಿನ ಆಸುಪಾಸು ಮಾತ್ರ, ದಿಬ್ಬ ಒಡೆಯಲು ಅದಕ್ಕೆ ಶಕ್ತಿ ಸಾಲದು. ಒಡೆಯಬೇಕಾದ್ದು ಒಳಗಿನಿಂದ ಬರುವ ನೆರೆ. ನೆರೆ ಬಂದ ವರ್ಷ ಬಾಯಿ ತೆರೆಯುತ್ತದೆ, ಕಡಲ ನೀರು ಒಳಗೆ ಆಡುತ್ತದೆ, ಕಾಲುವೆ ಉಸಿರಾಡುತ್ತದೆ. ನೆರೆ ಬಾರದಿದ್ದರೆ ಬಾಯಿ ಮುಚ್ಚುತ್ತದೆ, ಕಾಲುವೆ ಕೊಳೆಯುತ್ತದೆ. ಪಾಲಾರ್ ಅಳಿವೆಯಲ್ಲಿ ನಾವು ಹೋದಾಗ ನದಿಗೂ ಕಡಲಿಗೂ ನಡುವೆ ಅಗಲವಾದ ಮರಳು. ಹುಡುಗರು ಅದರ ಮೇಲೆ ಕ್ರಿಕೆಟ್ ಆಡುತ್ತಿದ್ದರು. ವಿಕೆಟ್ ನೆಟ್ಟಿದ್ದು ಸರಿಯಾಗಿ ನದಿಯ ಬಾಯಲ್ಲಿ.

ಆ ನೆರೆ ಎಲ್ಲಿಂದ ಬರಬೇಕು? ಒಂದು ಪಾಲು ಇಲ್ಲಿಂದ. ಹಾಗಂತ ನಮ್ಮ ಕೆರೆಗಳೇ ತಪ್ಪಿತಸ್ಥರು ಎಂದು ನಾನು ಹೇಳುವುದಿಲ್ಲ, ಯಾರಾದರೂ ಹೇಳಿದರೆ ಒಪ್ಪಲೂ ಬೇಡಿ. ಪಾಲಾರ್ ಮೇಲಿನ ಬೇತಮಂಗಲದಂಥ ಕೆರೆಗಳು ಈ ಕಾಲುವೆಗಿಂತ ಎಷ್ಟೋ ಹಳೆಯವು. ಕೆರೆ ತುಂಬಿ ಕೋಡಿ ಬಿದ್ದು, ಕೆಳಗಿನ ಕೆರೆ ತುಂಬಿ, ಹೀಗೆ ಇಳಿದುಕೊಂಡು ಹೋಗುವ ಏರ್ಪಾಡಿನ ಜೊತೆಗೇ ಕಾಲುವೆ ಬದುಕಿತ್ತು. ಈ ನೀರಿಗೆ ಜಗಳವೂ ಹಳೆಯದೇ. ಮೈಸೂರು ಮದ್ರಾಸ್ ನಡುವಿನ 1892ರ ಒಪ್ಪಂದದಲ್ಲಿ ಪಾಲಾರ್, ಪಿನಾಕಿನಿ ಎರಡೂ ಇವೆ. ಮದ್ರಾಸಿನ ಒಪ್ಪಿಗೆ ಇಲ್ಲದೆ ಮೈಸೂರು ಹೊಸ ಕಟ್ಟೆ ಕಟ್ಟುವಂತಿರಲಿಲ್ಲ. ಆಮೇಲೆ ಬದಲಾದದ್ದು ಬೇರೆ. ಕೊಳವೆಬಾವಿ ನೆಲದಡಿಯ ನೀರನ್ನು ಬರಿದು ಮಾಡಿತು, ಒಣಗಿದ ನೆಲ ಮೊದಲ ಮಳೆಯನ್ನೆಲ್ಲ ತಾನೇ ಕುಡಿಯಿತು, ನದಿಯ ಮರಳು ಲಾರಿ ಹತ್ತಿತು, ರಾಜಕಾಲುವೆಗಳು ಸೈಟುಗಳಾದವು. ಪೆನ್ನಾ ಮೇಲೆ ಸೋಮಶಿಲೆಯಂಥ ದೊಡ್ಡ ಜಲಾಶಯವೂ ಬಂತು. ಮೂರು ರಾಜ್ಯದವರೂ ಸೇರಿ ಮಾಡಿದ ಕೆಲಸ ಇದು.

2021ರ ನವೆಂಬರ್ ನಿಮಗೆಲ್ಲ ನೆನಪಿರುತ್ತದೆ. ಇಲ್ಲಿನ ಕಂದವಾರ ಕೆರೆ ಕೋಡಿ ಬಿದ್ದಾಗ ಊರಿಗೆ ಊರೇ ನೋಡಲು ಹೋಗಿತ್ತು, ಕೆಲವರ ಮನೆಗೂ ನೀರು ನುಗ್ಗಿತು. ಅದೇ ತಿಂಗಳು ಪಾಲಾರ್ ದಡದಿಂದ ದಡಕ್ಕೆ ಹರಿಯಿತು, ನೆಲ್ಲೂರಿನಲ್ಲಿ ಪೆನ್ನಾ ಹೆದ್ದಾರಿ ಕಿತ್ತು ರೈಲು ನಿಲ್ಲಿಸಿತು. ವಯಲೂರಿನ ಹತ್ತಿರದ ಮೀನುಗಾರರೊಬ್ಬರು ನಮಗೆ ಹೇಳಿದರು, ಆ ವರ್ಷ ಅಳಿವೆ ಅಗಲವಾಗಿ ತೆರೆದು ಕಾಲುವೆಯೊಳಗೆ ಮೀನು ಏರಿತಂತೆ. ನಾನು ಎಲ್ಲಿಂದ ಬಂದೆ ಎಂದು ಕೇಳಿದರು. ನಂದಿ ಬೆಟ್ಟದ ಕೆಳಗಿನಿಂದ ಎಂದೆ. “ಹಾಗಾದರೆ ಮೇಲಿನವರು ನೀವೇನಾ” ಎಂದರು. ಹೊಗಳಿದರೋ ಬೈದರೋ ತಿಳಿಯಲಿಲ್ಲ, ಚಹಾ ಮಾತ್ರ ಕೊಡಿಸಿದರು.

ಸರ್ಕಾರ ಇದನ್ನು ಮರೆತಿಲ್ಲ. 2008ರಲ್ಲಿ ಕಾಕಿನಾಡಾ ಪುದುಚೇರಿ ಕಾಲುವೆಗಳನ್ನು ಗೋದಾವರಿ, ಕೃಷ್ಣೆಯ ಜೊತೆ ಸೇರಿಸಿ 4ನೇ ರಾಷ್ಟ್ರೀಯ ಜಲಮಾರ್ಗ ಎಂದು ಘೋಷಿಸಿದರು. ಅದರಲ್ಲಿ ದೊಡ್ಡ ಸರಕಿನ ಹಡಗು ಓಡಬೇಕಾದರೆ ಅಗಲ ಆಳ ಎಲ್ಲ ಹೊಸದಾಗಿ ಬೇಕು, ಚೆನ್ನೈನ ರೈಲು ಕಂಬಗಳನ್ನು ಏನು ಮಾಡುತ್ತಾರೆ? ಆ ಕನಸಿನಲ್ಲಿ ನನಗೆ ಅಷ್ಟು ನಂಬಿಕೆ ಇಲ್ಲ. ಆದರೆ ಹೂಳೆತ್ತಿ ಅಳಿವೆ ತೆರೆದಿಟ್ಟರೂ ಸಾಕು, ಕಾಲುವೆ ಕೆಲಸಕ್ಕೆ ಬರುತ್ತದೆ. 2004ರ ಡಿಸೆಂಬರ್ 26ರ ಸುನಾಮಿಯಲ್ಲಿ ಉಕ್ಕಿ ಬಂದ ನೀರಿನಲ್ಲಿ ಒಂದಿಷ್ಟನ್ನು ಈ ಕಾಲುವೆ ಹಿಡಿದುಕೊಂಡು ಹಿಂದಕ್ಕೆ ಕಳಿಸಿದ್ದರಿಂದ ಹಲವು ಕಡೆ ಜನ ಉಳಿದರು ಎಂದು ಭೂವಿಜ್ಞಾನಿಗಳು ಬರೆದಿದ್ದಾರೆ. ದೋಣಿ ಓಡದ ಕಾಲುವೆ ಮಾಡಿದ ಕೆಲಸ ಅದು.

ಹೋಗಬೇಕು ಎನ್ನುವ ಹುಡುಗರು ಕೆಲವರು ಮುಂದೆ ಕೂತಿದ್ದಾರೆ, ಅವರಿಗೆ ಎರಡು ಮಾತು. ಜನವರಿಯಿಂದ ಮಾರ್ಚ್ ಒಳ್ಳೆಯದು, ಹಿಂಗಾರು ಮುಗಿದಿರುತ್ತದೆ, ಬಿಸಿಲು ಇನ್ನೂ ಏರಿರುವುದಿಲ್ಲ. ಮುಟ್ಟುಕಾಡಿನಿಂದ ಮಹಾಬಲಿಪುರದ ಕಡೆಗಿನ ತುಂಡಿನಿಂದ ಶುರು ಮಾಡಿ. ಶ್ರೀಹರಿಕೋಟಾ, ಕಲ್ಪಾಕ್ಕಂ ಸುತ್ತ ಅನುಮತಿ ಇಲ್ಲದೆ ದೋಣಿ ಇಳಿಸಬೇಡಿ, ಉಳಿದ ಕಡೆಯೂ ಕರಾವಳಿ ಪೊಲೀಸರಿಗೆ ತಿಳಿಸಿಯೇ ಹೋಗಿ. ಕಾಲುವೆಯ ಮೇಲೆ ವಿದ್ಯುತ್ ತಂತಿ ಹಾದ ಕಡೆ ಹಾಯಿಕಂಬ ಇಳಿಸಿಬಿಡಿ, ಎತ್ತರ ಇದೆ ಅನ್ನಿಸಿದರೂ ಇಳಿಸಿ. ಲೈಫ್ ಜಾಕೆಟ್ ಬಿಚ್ಚಬೇಡಿ. ಈಜು ಬಾರದಿದ್ದರೆ ಮೊದಲು ಅದು. ಊಟಕ್ಕೆ ರಾಗಿ ಹಿಟ್ಟು ಇಲ್ಲಿಂದಲೇ ಒಯ್ಯಿರಿ, ಆ ಕಡೆ ನಮ್ಮ ಹದದ್ದು ಸಿಗುವುದಿಲ್ಲ. ಉಪ್ಪು ಬೇಕಿಲ್ಲ, ಮರಕ್ಕಾಣಂನ ಗದ್ದೆಗಳಲ್ಲಿ ಗುಡ್ಡೆ ಹಾಕಿರುತ್ತಾರೆ, ಕೇಳಿದರೆ ಒಂದು ಹಿಡಿ ಕೊಡುತ್ತಾರೆ.